ಮಿದುಳಿನ ಟಿಬಿಗೆ ಆಸ್ಪಿರಿನ್ ಯಾಕೆ? ನರರೋಗ ಡಾಕ್ಟರ್ ಜೊತೆ ಪ್ರಶ್ನೋತ್ತರ

ಸುಜಾತಾ, ಡೊಂಬಿವಲಿ: ಡಾಕ್ಟ್ರೇ, ನಮ್ಮ ಯಜಮಾನರಿಗೆ ಮಿದುಳಿನ ಪೊರೆಯ ಟಿಬಿ. ಟಿಬಿ ಮಾತ್ರೆ ಶುರುವಾಗಿ 5 ವಾರ. ಜೊತೆಗೆ ಡೆಕ್ಸಾ (ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಸೋನ್), ಆಸ್ಪಿರಿನ್ 150. ಈಗ ತಲೆನೋವಿಲ್ಲ, ಆಸ್ಪಿರಿನ್ ನಿಲ್ಲಿಸಬಹುದಾ? ನಿನ್ನೆ ಊಟಕ್ಕೆ ಕೂತಾಗ ಬಲಗೈಯಿಂದ ತುತ್ತು ಎರಡು ಸಲ ಜಾರಿತು. ಸುಸ್ತಿರಬೇಕು ಅಂದರು.

ಡಾಕ್ಟರ್: ಸುಜಾತಾ ಅವರೇ, ಆ ತುತ್ತು ಜಾರಿದ್ದು ಸುಸ್ತು ಅಂತ ಬಿಡಬೇಡಿ. ಈಗಲೇ ಎಮರ್ಜೆನ್ಸಿಗೆ ಹೋಗಿ. ನಾಳೆಯ ಒಪಿಡಿಗೆ ಕಾಯಬೇಡಿ.

ಈ ಕಾಯಿಲೆಯಲ್ಲಿ ಮಿದುಳಿನ ಬುಡದಲ್ಲಿ ಅಂಟಿನಂಥ ಗಟ್ಟಿ ಕೀವು ಕೂರುತ್ತದೆ. ರಕ್ತನಾಳಗಳು ಅದರ ನಡುವೆಯೇ ಹಾದುಹೋಗುತ್ತವೆ. ಅವು ಊದಿ, ಒಳಗೆ ರಕ್ತ ಹೆಪ್ಪುಗಟ್ಟಿದರೆ ಲಕ್ವಾ. ಮಾತ್ರೆ ತಪ್ಪದೆ ತಗೊಂಡರೂ ಆಗಬಹುದು. ಆಸ್ಪಿರಿನ್ ಕೊಟ್ಟಿರುವುದು ಇದಕ್ಕೆ, ತಲೆನೋವಿಗಲ್ಲ.

ಲಖನೌದ ಅಧ್ಯಯನ 2010ರಲ್ಲಿ ಬಂತು. 118 ಜನ, ಇದೇ 150 ಮಿಗ್ರಾಂ. 3 ತಿಂಗಳಲ್ಲಿ ಆಸ್ಪಿರಿನ್ ತಗೊಂಡವರಲ್ಲಿ ಸುಮಾರು 22% ತೀರಿಕೊಂಡರು, ಉಳಿದವರಲ್ಲಿ 43%. ಲಕ್ವಾ ಕೂಡ ಕಡಿಮೆ ಕಂಡಿತು, ಆದರೆ ಖಚಿತ ಎನ್ನುವಷ್ಟಲ್ಲ. 2018ರಲ್ಲಿ ವಿಯೆಟ್ನಾಂನವರು 120 ಜನರಿಗೆ ಡೆಕ್ಸಾ ಜೊತೆ 81 ಮಿಗ್ರಾಂ, 1000 ಮಿಗ್ರಾಂ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದರು. ಪರೀಕ್ಷೆಯಲ್ಲಿ ಟಿಬಿ ರೋಗಾಣು ಸಿಕ್ಕವರಲ್ಲಿ ಭರವಸೆ ಕಂಡಿತು. ದಕ್ಷಿಣ ಆಫ್ರಿಕಾದ ಮಕ್ಕಳಲ್ಲಿ ಲಾಭ ಸ್ಪಷ್ಟವಾಗಲಿಲ್ಲ.

ಕೈ ಸೋಲಲು ರಕ್ತಸ್ರಾವವೂ, ಮಿದುಳಲ್ಲಿ ನೀರು ತುಂಬಿದ್ದೂ ಕಾರಣವಿರಬಹುದು. ಸ್ಕ್ಯಾನ್ ಬೇಕೇ ಬೇಕು. ಇವತ್ತಿನ ಆಸ್ಪಿರಿನ್ ಕೊಡಬೇಕೋ ಬೇಡವೋ ಅಲ್ಲೇ ಕೇಳಿ. ಡೆಕ್ಸಾ, ಟಿಬಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮಲ ಡಾಂಬರಿನಂತೆ ಕಪ್ಪಗಿದ್ದರೆ ಅದನ್ನೂ ಹೇಳಿ.

ರಮೇಶ್, ಮುಲುಂಡ್: ಅಪ್ಪನಿಗೆ ಶ್ವಾಸಕೋಶದ ಟಿಬಿ ಸರ್. ಆಸ್ಪಿರಿನ್ ಕೊಡಲಾ?

ಡಾಕ್ಟರ್: ಅದಕ್ಕಾಗಿ ಬೇಡ.

ವಸಂತಿ, ಮಾಟುಂಗಾ: *ಫಾರ್ವರ್ಡ್:* ಬೆಳ್ಳುಳ್ಳಿ ಹಾಲು 21 ದಿನ ಕುಡಿದರೆ ಟಿಬಿ ಬುಡಸಮೇತ ಹೋಗುತ್ತದೆ. ಮಾತ್ರೆ ಬೇಕಿಲ್ಲ!!

ಡಾಕ್ಟರ್: ವಸಂತಿ ಅಕ್ಕ, ಇದು ಮೂರನೇ ಸಲ. ಹಾಲು ಕುಡಿಯಲಿ, ಬೇಡ ಅನ್ನಲ್ಲ. "ಮಾತ್ರೆ ಬೇಕಿಲ್ಲ" ಅನ್ನುವ ಸಾಲು ಜೀವ ತೆಗೆಯುತ್ತದೆ. ಅಳಿಸಿ.

ಪ್ರಕಾಶ್, ಠಾಣೆ: ಬೆನ್ನಿನಿಂದ ನೀರು ತೆಗೆದರೆ ಕಾಲು ಹೋಗುತ್ತದಂತೆ. ಅದನ್ನೂ ಹೇಳಿ.

ನಾಗರತ್ನ, ಗೋರೆಗಾಂವ್: ಯಾರು ಹೇಳಿದ್ದು ಪ್ರಕಾಶಣ್ಣ? ನನ್ನ ಮಗಳಿಗೆ ತೆಗೆದರು. ಆ ನೀರಲ್ಲೇ ಟಿಬಿ ಸಿಕ್ಕಿದ್ದು. ದಿನಾ ಲೋಕಲ್ ಹತ್ತಿ ಆಫೀಸಿಗೆ ಹೋಗ್ತಾಳೆ.

ಪ್ರಕಾಶ್: ನಿಮ್ಮ ಮಗಳೊಬ್ಬಳನ್ನು ನೋಡಿ ಹೇಳಕ್ಕಾಗಲ್ಲ.

ನಾಗರತ್ನ: ನೀವು ಒಬ್ಬರನ್ನೂ ನೋಡದೆ ಹೇಳ್ತಿದ್ದೀರಲ್ಲ!

ವಸಂತಿ: ನಮ್ಮಜ್ಜಿ ಬೆಳ್ಳುಳ್ಳಿ ಕೊಟ್ಟೇ ನಮ್ಮನ್ನು ಸಾಕಿದ್ದು. ಎಲ್ಲರೆದುರು ಹೀಗೆ ಅನ್ನಬಾರದು.

ಶಿವಾನಂದ, ಕಲ್ಯಾಣ್: ಮೊಮ್ಮಗನಿಗೆ ಟಿಬಿ ಲಸಿಕೆ ಬಿಸಿಜಿ ಹಾಕಿಸಿದ ಜಾಗದಲ್ಲಿ ಗುಳ್ಳೆ ಎದ್ದಿದೆ. ಸರಿನಾ?

ರಮೇಶ್: ಆಸ್ಪಿರಿನ್ ಎಷ್ಟು ಮಿಗ್ರಾಂ ಅಂದಿರಿ?

ಡಾಕ್ಟರ್: ಬೇಡ ಎಂದೆ. ಮಳೆಗಾಲದ ಜ್ವರಕ್ಕೂ ಯಾರೂ ಸುಮ್ನೆ ನುಂಗಬೇಡಿ. ಡೆಂಗ್ಯೂ ಇದ್ದರೆ ರಕ್ತಸ್ರಾವ ಜಾಸ್ತಿಯಾಗುತ್ತದೆ. ಸುಜಾತಾ ಅವರೇ, ಹೊರಟಿರಾ?

ವಸಂತಿ: ನಾನು ಅಳಿಸಲ್ಲ.

ಡಾಕ್ಟರ್: ಸುಜಾತಾ ಅವರೇ?

ಸುಜಾತಾ: ರಿಕ್ಷಾದಲ್ಲಿದ್ದೇವೆ ಡಾಕ್ಟ್ರೇ. ಫೈಲ್ ಇದೆ.

ಡಾಕ್ಟರ್: ತುತ್ತು ಜಾರಿದಾಗ ಗಂಟೆ ಎಷ್ಟಿತ್ತು, ಅಲ್ಲಿ ಮೊದಲು ಅದನ್ನು ಹೇಳಿ.