ಸೌರಮಂಡಲದ ಅಂಚಿನ ಹಿಮಕಾಯಗಳು: ಶಿವಮೊಗ್ಗ ಬಳಗದ ಪ್ರಶ್ನೋತ್ತರ

ಸಾಗರದ ವಿದ್ಯಾರ್ಥಿನಿ: 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಚಿತ್ರಿಸಿದ ಅರೊಕಾತ್ ಎಂಬ ಹಿಮಕಾಯ, ತಟ್ಟಿದ ಎರಡು ಉಂಡೆಗಳನ್ನು ಅಂಟಿಸಿದಂತಿದೆ. ಎರಡು ಕಾಯಗಳು ಡಿಕ್ಕಿ ಹೊಡೆದಿದ್ದರೆ ಪುಡಿಯಾಗಬೇಕಿತ್ತಲ್ಲವೇ, ಸರ್?

ಖಗೋಳ ಉಪನ್ಯಾಸಕರು: ವೇಗವಾಗಿ ಬಡಿದಿದ್ದರೆ ಪುಡಿಯಾಗುತ್ತಿದ್ದವು. ಸುಮಾರು 36 ಕಿಲೋಮೀಟರ್ ಉದ್ದದ ಈ ಕಾಯದ ಎರಡೂ ಭಾಗಗಳದು ಹೆಚ್ಚುಕಡಿಮೆ ಒಂದೇ ಕೆಂಪು ಬಣ್ಣ, ಅವುಗಳ ಅಕ್ಷಗಳು ಬಹುತೇಕ ಒಂದೇ ನೇರದಲ್ಲಿವೆ, ಕತ್ತಿನ ಬಳಿ ಜಜ್ಜಿದ ಗುರುತಿಲ್ಲ. ಎಳೆಯ ಸೂರ್ಯನ ಸುತ್ತಲಿದ್ದ ಧೂಳು-ಅನಿಲದ ತಟ್ಟೆಯಲ್ಲಿ ಕಣಗಳು ದಟ್ಟೈಸಿ, ತಮ್ಮದೇ ಗುರುತ್ವದಿಂದ ಕುಸಿದ ಒಂದೇ ಮೋಡದಲ್ಲಿ ಈ ಜೋಡಿ ಹುಟ್ಟಿ, ಪರಸ್ಪರ ಸುತ್ತುತ್ತ ಹತ್ತಿರವಾಗಿ, ಕೊನೆಗೆ ಸೆಕೆಂಡಿಗೆ ಕೆಲವೇ ಮೀಟರ್ ಅಥವಾ ಅದಕ್ಕೂ ಕಡಿಮೆ ವೇಗದಲ್ಲಿ ಕೂಡಿಕೊಂಡಿತೆಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಚಪ್ಪಟೆತನ ಮಾತ್ರ ನನ್ನನ್ನು ಇನ್ನೂ ಕಾಡುತ್ತದೆ. ಹುಟ್ಟುವಾಗಲೇ ಹಾಗಿತ್ತೋ, ಅಡ್ಡ ಮಲಗಿ ತಿರುಗುವ ಕಾಯವಾದ್ದರಿಂದ ಧ್ರುವಗಳಿಗೆ ದೀರ್ಘಕಾಲ ಬಿಸಿಲು ಬಿದ್ದು, ಬೇಗ ಆವಿಯಾಗುವ ಹಿಮ ಅಲ್ಲಿಂದ ಹಾರಿಹೋಗಿ ಸವೆಯಿತೋ ಎಂಬ ಚರ್ಚೆ ಮುಗಿದಿಲ್ಲ.

ಭದ್ರಾವತಿಯ ಸದಸ್ಯರು: ಅದು ಭೂಮಿಯತ್ತ ಬರುತ್ತಿದೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮನೆಯೊಳಗೇ ಇರಬೇಕು ಎಂಬ ಸಂದೇಶ ಬಂದಿದೆ. ನಿಜವೇ?

ಉಪನ್ಯಾಸಕರು: ಸುಳ್ಳು. ಭೂಮಿಗೂ ಸೂರ್ಯನಿಗೂ ಇರುವ ಅಂತರದ ಸುಮಾರು 44 ಪಟ್ಟು ದೂರದಲ್ಲಿ, ಬಹುತೇಕ ವೃತ್ತಾಕಾರದ ಪಥದಲ್ಲಿ, ಸುಮಾರು 298 ವರ್ಷಕ್ಕೊಮ್ಮೆ ಅದು ಸೂರ್ಯನನ್ನು ಸುತ್ತುತ್ತದೆ. ಇಂತಹ ಸಂದೇಶಗಳನ್ನು ಇಲ್ಲಿಗೆ ತರಬೇಡಿ. ಸೊಪ್ಪನ್ನು ತೋಟದ ಗೊಬ್ಬರಕ್ಕೆ ಹಾಕಿ.

ಹೊಸನಗರದ ಸದಸ್ಯರು: ಮಳೆಗಾಲ ಮುಗಿದ ಮೇಲೆ ಕೊಡಚಾದ್ರಿಯಿಂದ ಆರು ಇಂಚಿನ ದೂರದರ್ಶಕದಲ್ಲಿ ಹೌಮಿಯಾ ಎಂಬ ಕುಬ್ಜಗ್ರಹ ಕಾಣುವುದೇ?

ಸೊರಬದ ನಿವೃತ್ತ ಶಿಕ್ಷಕರು: ಅಷ್ಟು ಗುಂಡಗಿರುವ ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಟ್ಟಿಯಿಂದ ತೆಗೆದದ್ದು ಅನ್ಯಾಯ.

ಭದ್ರಾವತಿಯ ಸದಸ್ಯರು: ಗುಂಡಗಿರುವುದೊಂದೇ ಸಾಕೆಂದರೆ ಮಂಗಳ-ಗುರುಗಳ ನಡುವಿನ ಪುಟ್ಟ ಕಾಯ ಸೀರಿಸ್ ಕೂಡ ಗ್ರಹವಾಗಬೇಕು. ಕಕ್ಷೆಯ ನೆರೆಹೊರೆಯಿಂದ ಇತರ ಕಾಯಗಳನ್ನು ತೆರವುಗೊಳಿಸಿರಬೇಕೆಂಬ ನಿಯಮವೂ ಇದೆ.

ನಿವೃತ್ತ ಶಿಕ್ಷಕರು: ಬೇವಿನ ಸೊಪ್ಪಿನವರಿಂದ ನಿಯಮ ಕಲಿಯುವ ಅಗತ್ಯ ನನಗಿಲ್ಲ.

ಭದ್ರಾವತಿಯ ಸದಸ್ಯರು: ನಿಜವೇ ಎಂದು ಕೇಳಿದೆನೇ ಹೊರತು ಕಟ್ಟಲಿಲ್ಲ.

ತೀರ್ಥಹಳ್ಳಿಯ ಸದಸ್ಯರು: ಹಿಮಕಾಯ ಎಷ್ಟು ದೊಡ್ಡದಾದರೆ ಗುಂಡಗಾಗುತ್ತದೆ?

ಉಪನ್ಯಾಸಕರು: ಒಂದೇ ಗೆರೆ ಎಳೆಯಲಾಗದು. ಶನಿಯ ಉಪಗ್ರಹ ಮಿಮಾಸ್ 400 ಕಿಲೋಮೀಟರಿಗೂ ತುಸು ಕಡಿಮೆ ವ್ಯಾಸದ್ದಾದರೂ ಬಹುತೇಕ ಗುಂಡಗಿದೆ. ನೆಪ್ಚೂನಿನ ಪ್ರೋಟಿಯಸ್ ಅದಕ್ಕಿಂತ ದೊಡ್ಡದು, ಆದರೂ ಅಂಕುಡೊಂಕು. ಇವೆರಡಕ್ಕಿಂತಲೂ ಬಹಳ ದೊಡ್ಡದಾದ ಹೌಮಿಯಾ, 4 ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ ಉದ್ದಕ್ಕೆ ಹಿಗ್ಗಿದೆ.

ಶಿಕಾರಿಪುರದ ಸದಸ್ಯರು: ಡಿಕ್ಕಿಯಾದರೂ ಅರೊಕಾತ್ ಏಕೆ ಒಡೆಯಲಿಲ್ಲ?

ಉಪನ್ಯಾಸಕರು: ಮೇಲೆ ಬರೆದಿದ್ದೇನೆ, ಓದಿ.

ನಿವೃತ್ತ ಶಿಕ್ಷಕರು: ಪ್ಲೂಟೊ ವಿಷಯದಲ್ಲಿ ನೀವೇ ತೀರ್ಪು ಕೊಡಿ.

ಉಪನ್ಯಾಸಕರು: ಕೊಡುವುದಿಲ್ಲ. ಅದರ ವರ್ಗೀಕರಣದ ಕುರಿತು ಇಲ್ಲಿ ಇನ್ನು ಉತ್ತರಿಸುವುದೂ ಇಲ್ಲ.

ನಿವೃತ್ತ ಶಿಕ್ಷಕರು: ಸೀರಿಸ್ ವಿಷಯ ಎತ್ತಿದವರಿಗೂ ಅದನ್ನೇ ಹೇಳಿ.