ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ, ಒಮ್ಮೊಮ್ಮೆ ತಾನೇ ಆಫ್ ಆಗುತ್ತದೆ: ಫಾರ್ಮ್ಯಾಟ್ ಮಾಡಿದರೂ ಹೋಗಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್ ಒಂದು ತಿಂಗಳಿಂದ ಜೀವ ತಿನ್ನುತ್ತಿದೆ. ಕೆಲಸ ಮಾಡುತ್ತಿದ್ದ ಹಾಗೇ ನಿಂತುಬಿಡುತ್ತದೆ. ಮೌಸ್ ಬಾಣ ಓಡಾಡುತ್ತದೆ, ಆದರೆ ಏನು ಒತ್ತಿದರೂ ತೆರೆಯುವುದಿಲ್ಲ. ಕೆಲವು ಸಲ ಅರ್ಧ ನಿಮಿಷದಲ್ಲಿ ತಾನಾಗಿ ಸರಿಹೋಗುತ್ತದೆ. ಕೆಲವು ಸಲ ಪವರ್ ಬಟನ್ ಒತ್ತಿ ಹಿಡಿಯುವುದೇ ಗತಿ. ಇದು ಸಾಲದು ಅಂತ ಗೇಮ್ ಆಡುವಾಗ ಥಟ್ಟನೆ ಆಫ್ ಆಗುತ್ತದೆ.

ವಿಂಡೋಸ್ 10, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ವಿಂಡೋಸ್ ಇರುವುದು 500 ಜಿಬಿ ಸಾಟಾ ಎಸ್‌ಎಸ್‌ಡಿಯಲ್ಲಿ. ಫೋಟೊಗಳಿಗೆ ಬೇರೆ ಹಾರ್ಡ್ ಡಿಸ್ಕ್ ಇದೆ. ಆ್ಯಂಟಿವೈರಸ್ ಓಡಿಸಿದೆ, ಏನೂ ಸಿಗಲಿಲ್ಲ. ಎರಡು ಸಲ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದೆ. ಎರಡನೇ ಸಲ ಇನ್‌ಸ್ಟಾಲ್ ಆಗುವಾಗಲೇ ಒಮ್ಮೆ ನಿಂತಿತು. ಹೊಸ ಕಂಪ್ಯೂಟರ್ ತಗೊಳ್ಳಬೇಕಾ?

ಉತ್ತರ 1

ನೂರಕ್ಕೆ ನೂರು ರ‍್ಯಾಮ್. ಎರಡನ್ನೂ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ ಮತ್ತೆ ಹಾಕಿ. ನನಗೆ ಹೀಗೇ ಆಗಿತ್ತು, ಹೀಗೇ ಸರಿಹೋಯಿತು.

ಉತ್ತರ 2

ರ‍್ಯಾಮ್ ಇರಬಹುದು. ಆದರೆ ಈಗಲೇ ಹಾಗೆ ಹೇಳಲು ಆಗುವುದಿಲ್ಲ. (ರಬ್ಬರ್ ಬಗ್ಗೆ: ಉಜ್ಜಿದ್ದಕ್ಕಿಂತ ಬಿಚ್ಚಿ ಸರಿಯಾಗಿ ಕೂರಿಸಿದ್ದರಿಂದಲೇ ಎಷ್ಟೋ ಸಲ ಗುಣವಾಗಿರುತ್ತದೆ. ಹೆಸರು ಮಾತ್ರ ರಬ್ಬರ್‌ಗೆ.)

ಇನ್‌ಸ್ಟಾಲ್ ಆಗುವಾಗಲೇ ನಿಂತಿತು ಅಂದಿರಲ್ಲ, ನಿಮ್ಮ ಬರಹದಲ್ಲಿ ಅದೇ ಮುಖ್ಯ ಸಾಲು. ಆಗ ನಿಮ್ಮ ಹಳೆಯ ಸಾಫ್ಟ್‌ವೇರ್ ಯಾವುದೂ ಇರಲಿಲ್ಲ, ಹಾಗಾಗಿ ಅನುಮಾನ ಯಂತ್ರದ ಭಾಗಗಳ ಮೇಲೆ. ಮೂರನೇ ಸಲ ಫಾರ್ಮ್ಯಾಟ್ ಮಾಡಬೇಡಿ, ಸುಮ್ನೆ ಶ್ರಮ. ಡ್ರೈವರ್ ಅಪ್‌ಡೇಟರ್, ರಿಜಿಸ್ಟ್ರಿ ಕ್ಲೀನರ್ ಅಂತ ಸಿಗುವ ಯಾವುದನ್ನೂ ಹಾಕಬೇಡಿ. ಮೊದಲು ಫೋಟೊಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಇವಕ್ಕೆ ಉತ್ತರ ಕೊಡಿ:

ಬ್ಲೂ ಸ್ಕ್ರೀನ್ ಬರುತ್ತದೆಯೇ? ಬಂದರೆ ಅದರಲ್ಲಿ ಏನು ಬರೆದಿರುತ್ತದೆ?

ಗೇಮ್‌ನಲ್ಲಿ ಆಫ್ ಆದ ಕೂಡಲೇ ಮತ್ತೆ ಆನ್ ಮಾಡಿದರೆ ಏನಾಗುತ್ತದೆ?

ಇದೆಲ್ಲ ಶುರುವಾಗುವ ಮುಂಚೆ ಏನಾದರೂ ಬದಲಾಯಿಸಿದ್ದಿರಾ? ಒಳಗೆ ಕೈ ಹಾಕಿದ್ದಿರಾ?

ಜೊತೆಗೆ ಟಾಸ್ಕ್ ಮ್ಯಾನೇಜರ್ ಮೊದಲೇ ತೆರೆದಿಟ್ಟುಕೊಂಡು ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಮೇಲೆ ಕಣ್ಣಿಡಿ. ಹ್ಯಾಂಗ್ ಆದ ಹೊತ್ತಿನಲ್ಲಿ ಅಲ್ಲಿ ಏನು ಕಾಣುತ್ತದೆ ಹೇಳಿ.

ಪ್ರಶ್ನೆ ಕೇಳಿದವರು

ಬ್ಲೂ ಸ್ಕ್ರೀನ್ ಒಮ್ಮೆಯೂ ಬಂದಿಲ್ಲ. ಏನೂ ಬದಲಾಯಿಸಿಲ್ಲ.

ಆಫ್ ಆದ ಕೂಡಲೇ ಆನ್ ಮಾಡಿದರೆ ಎರಡೇ ನಿಮಿಷಕ್ಕೆ ಮತ್ತೆ ಆಫ್. ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಜಾಸ್ತಿ ಹೊತ್ತು ಓಡುತ್ತದೆ.

ಹ್ಯಾಂಗ್ ಆದಾಗ ಡಿಸ್ಕ್ 100% ತೋರಿಸುತ್ತದೆ. ಆದರೆ ಓದುವ, ಬರೆಯುವ ವೇಗ ಎರಡೂ ಸೊನ್ನೆ! ಇದು ಹೇಗೆ ಸಾಧ್ಯ?

ಉತ್ತರ 2

ಸಾಧ್ಯ. 100% ಅಂದರೆ ಡಿಸ್ಕ್ ದುಡಿಯುತ್ತಿದೆ ಅಂತಲ್ಲ, ಕೇಳಿದ್ದಕ್ಕೆ ಅದು ಇನ್ನೂ ಉತ್ತರ ಕೊಟ್ಟಿಲ್ಲ ಅಂತ. ಮೌಸ್ ಬಾಣ ಓಡಾಡಲು ಡಿಸ್ಕ್ ಬೇಕಿಲ್ಲ. ಹೊಸದಾಗಿ ಏನಾದರೂ ತೆರೆಯಬೇಕಾದರೆ ಬೇಕು. ಅದಕ್ಕೇ ಬಾಣ ಮಾತ್ರ ಜೀವಂತ, ಉಳಿದದ್ದೆಲ್ಲ ಕಲ್ಲು.

ನಿಮಗಿರುವುದು ಒಂದು ಕಾಯಿಲೆ ಅಲ್ಲ, ಎರಡು ಅಂತ ನನಗೆ ಅನ್ನಿಸುತ್ತದೆ. ಹ್ಯಾಂಗ್ ಬೇರೆ, ಆಫ್ ಆಗುವುದು ಬೇರೆ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಒಂದೂ ಸಿಗುವುದಿಲ್ಲ. ಮೊದಲು ಹ್ಯಾಂಗ್ ನೋಡೋಣ.

ಈವೆಂಟ್ ವ್ಯೂವರ್ (ವಿಂಡೋಸ್ ಬರೆದಿಡುವ ಲಾಗ್ ತೋರಿಸುವಂಥದ್ದು) ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ನೋಡಿ. ಹ್ಯಾಂಗ್ ಆದ ಸಮಯದಲ್ಲಿ 129 ಅಥವಾ 153 ಸಂಖ್ಯೆಯ ಎಚ್ಚರಿಕೆ ಇದೆಯೇ? ಆಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ಎಸ್‌ಎಸ್‌ಡಿಯ ಪಟ್ಟಿಯಲ್ಲಿ ಸಿ7 ಸಾಲಿನ ಕೊನೆಯ ಅಂಕಿ ಬರೆದುಕೊಳ್ಳಿ.

ಉತ್ತರ 3

ಇಷ್ಟೆಲ್ಲ ಯಾಕೆ? ಚೆಕ್‌ಡಿಸ್ಕ್ ಓಡಿಸಿ ಬಿಡಿ, ತಾನೇ ರಿಪೇರಿ ಮಾಡಿಕೊಳ್ಳುತ್ತದೆ.

ಉತ್ತರ 2

ದಯವಿಟ್ಟು ಈಗ ಬೇಡ. ಚೆಕ್‌ಡಿಸ್ಕ್ ಸರಿಮಾಡುವುದು ಫೈಲ್ ವ್ಯವಸ್ಥೆಯನ್ನು, ಡಿಸ್ಕನ್ನಲ್ಲ. ಡಿಸ್ಕ್ ನಡುನಡುವೆ ಕಾಣೆಯಾಗುತ್ತಿರುವಾಗ ಅದರ ಮೇಲೆ ಬರೆಸುವುದು ಅಪಾಯ. ಬ್ಯಾಕಪ್ ಆಗುವವರೆಗೆ ಅದನ್ನು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು

ಫೋಟೊಗಳ ಕಾಪಿ ಆಯಿತು. ಈವೆಂಟ್ 129 ಸಾಲುಸಾಲಾಗಿ ಇದೆ, ‘ರೀಸೆಟ್ ಟು ಡಿವೈಸ್’ ಅಂತ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮಾತ್ರ ‘ಗುಡ್’ ಅನ್ನುತ್ತಿದೆ. ಸಿ7ನಲ್ಲಿ ಸೊನ್ನೆಗಳಾದ ಮೇಲೆ 1ಎ4 ಅಂತಿದೆ. ಇದೆಂಥ ಅಂಕಿ?

ನಿನ್ನೆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಕೂಡ ಓಡಿಸಿದೆ, ನಾಲ್ಕು ಸುತ್ತು. ಒಂದೂ ತಪ್ಪಿಲ್ಲ.

ಉತ್ತರ 2

ಅದು ಹದಿನಾರರ ಲೆಕ್ಕದ ಅಂಕಿ. 1ಎ4 ಅಂದರೆ 420. ಸಿ7 ಅನ್ನುವುದು ಸಿಆರ್‌ಸಿ ತಪ್ಪುಗಳ ಎಣಿಕೆ. ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಮಾಹಿತಿ ಹೋಗುವಾಗ ಕೆಟ್ಟರೆ ಇದು ಒಂದೊಂದೇ ಏರುತ್ತದೆ. ಅಂದರೆ ಅನುಮಾನ ಎಸ್‌ಎಸ್‌ಡಿಯ ಮೇಲಲ್ಲ, ದಾರಿಯ ಮೇಲೆ. ದಾರಿ ಅಂದರೆ ಆ ಚಪ್ಪಟೆ ಸಾಟಾ ಕೇಬಲ್. ಇಡೀ ಕಂಪ್ಯೂಟರಿನಲ್ಲಿ ಅದಕ್ಕಿಂತ ಅಗ್ಗದ ಭಾಗ ಇಲ್ಲ ಅಂತಲೇ ಹೇಳಬಹುದು.

ಈ ಎಣಿಕೆ ಯಾವತ್ತೂ ಇಳಿಯುವುದಿಲ್ಲ. ಹಾಗಾಗಿ 420 ಇದೆ ಅನ್ನುವುದಕ್ಕಿಂತ, ಅದು ಏರುತ್ತಿದೆಯೇ ಅನ್ನುವುದು ಮುಖ್ಯ. ನಾಳೆ ಮತ್ತೆ ನೋಡಿ.

ರ‍್ಯಾಮ್ ಸದ್ಯಕ್ಕೆ ಪಾಸ್. ಅದು ಕೆಟ್ಟಿದ್ದರೆ ಸಾಮಾನ್ಯವಾಗಿ ದಿನಕ್ಕೊಂದು ಹೆಸರಿನ ಬ್ಲೂ ಸ್ಕ್ರೀನ್ ಬರುತ್ತದೆ. ನಿಮಗೆ ಒಂದೂ ಬಂದಿಲ್ಲ.

ಪ್ರಶ್ನೆ ಕೇಳಿದವರು

ಇವತ್ತು 1ಬಿ1.

ಉತ್ತರ 2

433. ಒಂದೇ ದಿನಕ್ಕೆ 13 ಏರಿದೆ. ಕೇಬಲ್ ಬದಲಾಯಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ, ಆಮೇಲೆ ಬಿಚ್ಚಿ. ಹೊಸ ಕೇಬಲ್ ಎರಡೂ ತುದಿಯಲ್ಲಿ ಕ್ಲಿಕ್ ಅಂತ ಕೂರಬೇಕು. ಮದರ್‌ಬೋರ್ಡ್‌ನಲ್ಲಿ ಬೇರೆ ಪೋರ್ಟ್ ಖಾಲಿ ಇದ್ದರೆ ಅಲ್ಲಿಗೇ ಹಾಕಿ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ) ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಹೇಗೂ ಬಿಚ್ಚುತ್ತೀರಿ, ಪ್ರೊಸೆಸರ್ ಮೇಲಿನ ಫ್ಯಾನನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಆಫ್ ಆಗುವ ಕಾಯಿಲೆಗೆ ನನ್ನ ಅನುಮಾನ ಬಿಸಿಯ ಮೇಲೆ. ಕೂಡಲೇ ಆನ್ ಮಾಡಿದರೆ ಬೇಗ ಸಾಯುತ್ತದೆ, ತಣಿದ ಮೇಲೆ ಜಾಸ್ತಿ ಬದುಕುತ್ತದೆ ಅಂದಿರಲ್ಲ, ಅದಕ್ಕೆ. ಬಿಚ್ಚುವ ಮುಂಚೆ ಎಚ್‌ಡಬ್ಲ್ಯುಇನ್ಫೊದಲ್ಲಿ ಒಮ್ಮೆ ಬಿಸಿ ಅಳೆದುಕೊಳ್ಳಿ. ಹೋಲಿಸಲು ಬೇಕಾಗುತ್ತದೆ.

ಉತ್ತರ 1

ಎಸ್‌ಎಂಪಿಎಸ್ ಸೋತಿದ್ದರೂ ಗೇಮ್‌ನಲ್ಲೇ ಆಫ್ ಆಗುತ್ತದೆ ಅಲ್ವಾ?

ಉತ್ತರ 2

ಹೌದು, ಅದು ಎರಡನೇ ಅನುಮಾನ. ಎರಡರಲ್ಲೂ ಲಾಗ್‌ನಲ್ಲಿ ಸಿಗುವುದು ಅದೇ ಕರ್ನಲ್-ಪವರ್ 41. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದರ ಅರ್ಥ, ಯಾಕೆ ಅಂತ ಅದು ಹೇಳುವುದಿಲ್ಲ. ಬಿಸಿ ಅಳೆಯುವುದಕ್ಕೆ ಖರ್ಚಿಲ್ಲ, ಅದಕ್ಕೇ ಮೊದಲು ಅದು.

ಪ್ರಶ್ನೆ ಕೇಳಿದವರು

ಬಿಚ್ಚುವ ಮುಂಚೆ ಅಳೆದೆ. ಸುಮ್ಮನೆ ಇದ್ದಾಗಲೇ 68 ಡಿಗ್ರಿ. ಗೇಮ್ ತೆರೆದ ಅರ್ಧ ನಿಮಿಷಕ್ಕೆ 100.

ಬಿಚ್ಚಿ ನೋಡಿದರೆ ಫ್ಯಾನ್ ಇರುವ ಕೂಲರನ್ನು ಬೋರ್ಡ್‌ಗೆ ಹಿಡಿದಿಡುವ ನಾಲ್ಕು ಪಿನ್‌ಗಳಲ್ಲಿ ಎರಡು ಮೇಲೆದ್ದಿವೆ. ಕೂಲರ್ ಒಂದು ಕಡೆ ವಾಲಿದೆ. ಸಾಟಾ ಕೇಬಲ್ ತುದಿಯೂ ಸೊಟ್ಟಗೆ ಕೂತಿತ್ತು, ಬುಡದ ಹತ್ತಿರ ಚೂಪಾಗಿ ಮಡಚಿಕೊಂಡಿದೆ.

ಉತ್ತರ 2

ಸಿಕ್ಕಿತು ನೋಡಿ, ಎರಡೂ. ಪಿನ್‌ಗಳನ್ನು ಹಾಗೇ ಒತ್ತಿಬಿಡಬೇಡಿ. ವಾಲಿದ್ದ ಕೂಲರ್ ಅಡಿಯಲ್ಲಿ, ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಒಣಗಿ ಬಿರುಕು ಬಿಟ್ಟಿರಬಹುದು. ಕೂಲರ್ ತೆಗೆಯುವಾಗ ನೇರ ಮೇಲಕ್ಕೆ ಎಳೆಯದೆ, ಅತ್ತಿತ್ತ ತುಸು ತಿರುಗಿಸಿ ಎತ್ತಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ನಡುವೆ ಹೊಸ ಪೇಸ್ಟಿನ ಒಂದು ಸಣ್ಣ ಬೊಟ್ಟು ಇಡಿ. ಬಳಿಯುವುದು ಬೇಕಿಲ್ಲ, ಒತ್ತಿದಾಗ ತಾನೇ ಹರಡುತ್ತದೆ. ಪಿನ್‌ಗಳನ್ನು ಎದುರುಬದುರಾಗಿ ಎರಡೆರಡು ಒತ್ತಿ.

ಪ್ರಶ್ನೆ ಕೇಳಿದವರು

ಹತ್ತು ದಿನ ಕಾದು ಬರೆಯುತ್ತಿದ್ದೇನೆ. ಸಿ7 ಇನ್ನೂ 433ರಲ್ಲೇ ನಿಂತಿದೆ. 129 ಒಂದೂ ಬಂದಿಲ್ಲ. ಗೇಮ್‌ನಲ್ಲಿ ಎರಡು ಗಂಟೆ ಕೂತರೂ 74 ಡಿಗ್ರಿ ದಾಟುವುದಿಲ್ಲ. ಒಮ್ಮೆಯೂ ಆಫ್ ಆಗಿಲ್ಲ.

ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಒಳಗೆ ಕೈ ಹಾಕಿದ್ದಿರಾ ಅಂತ ನೀವು ಕೇಳಿದಾಗ ಇಲ್ಲ ಅಂದಿದ್ದೆ. ಇದೆಲ್ಲ ಶುರುವಾಗುವ ಹಿಂದಿನ ವಾರ ಧೂಳು ಹೊಡೆಯಲು ಕೇಸ್ ಬಿಚ್ಚಿ, ದೊಡ್ಡ ಬ್ರಷ್‌ನಿಂದ ಚೆನ್ನಾಗಿ ತಿಕ್ಕಿದ್ದೆ. ಅದನ್ನು ‘ಬದಲಾವಣೆ’ ಅಂತ ಲೆಕ್ಕ ಹಾಕಿರಲಿಲ್ಲ.

ಉತ್ತರ 2

ಆ ಬ್ರಷ್ ಈಗ ಎಲ್ಲಿದೆ?

ಪ್ರಶ್ನೆ ಕೇಳಿದವರು

ಬಚ್ಚಿಟ್ಟಿದ್ದೇನೆ. ನನ್ನಿಂದಲೇ.