ಪದಚರ್ಚೆ: ‘ನಿಲ್ಲುವ ಮಾತ್ರೆ’, ‘ಗಡ್ಡೆ ಕರಗುವ ಮಾತ್ರೆ’ – ಫೈಬ್ರಾಯ್ಡ್ ಔಷಧಿಗಳಿಗೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಗರ್ಭಕೋಶದ ಫೈಬ್ರಾಯ್ಡ್‌ಗೆ ಕೊಡುವ ಔಷಧಿಗಳ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಹೇಳಿಕೊಡುವವರು, ತಪ್ಪು ತಿದ್ದುವವರು ಒಬ್ಬ ಸ್ತ್ರೀರೋಗ ತಜ್ಞೆ. ಕನ್ನಡದ ಹೊಣೆ ನನ್ನದು. ಓದುವವರು ‘ಗರ್ಭಕೋಶ ತೆಗೆಸುವ ಮಾತು ಆಮೇಲಿರಲಿ, ಮೊದಲು ಮಾತ್ರೆ ನೋಡೋಣ’ ಅನ್ನುವ ಹೆಂಗಸರು. ಯಾವ ಔಷಧಿ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ತಾನೇ ಡಾಕ್ಟರ ಮುಂದೆ ಬಾಯಿ ಬಿಟ್ಟು ಕೇಳಲು ಆಗುವುದು. ನಿಘಂಟಿನ ಪದ ನನಗೆ ಬೇಡ. ಜನ ಆಡುವ ಮಾತೇ ಬೇಕು, ಆದರೆ ಆ ಮಾತಿನಲ್ಲೇ ಒಂದಕ್ಕೆ ಎರಡು ಮೂರು ಅರ್ಥ ಇದೆ.

ಮೊದಲು ‘ಗಡ್ಡೆ’. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲೇ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ‘ಗರ್ಭಕೋಶದಲ್ಲಿ ಗಡ್ಡೆ’ ಅಂದ ಕೂಡಲೇ ಮನೆಯವರೆಲ್ಲ ಕ್ಯಾನ್ಸರ್ ಅಂದುಕೊಂಡು ಹೆದರುತ್ತಾರೆ, ಅದು ಒಂದು. ಇನ್ನೊಂದು ಅದಕ್ಕಿಂತ ತೊಡಕಿನದು. ಮುಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿ ಬಿದ್ದರೂ ನಾವು ‘ಗಡ್ಡೆ ಗಡ್ಡೆಯಾಗಿ ಹೋಗ್ತಿದೆ’ ಅಂತಲೇ ಹೇಳುತ್ತೇವೆ. ಮಾತ್ರೆ ಶುರು ಮಾಡಿದ ತಿಂಗಳಲ್ಲೇ ಹೀಗಾದರೆ ‘ಗಡ್ಡೆ ಕರಗಿ ಹೊರಗೆ ಬರ್ತಿದೆ, ಔಷಧಿ ಹಿಡೀತು’ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ನಿಜಕ್ಕೂ ಅದು ರಕ್ತ ಜಾಸ್ತಿ ಹೋಗುತ್ತಿರುವುದರ ಗುರುತು, ಡಾಕ್ಟರಿಗೆ ಹೇಳಬೇಕಾದದ್ದು. ಹಾಗಾಗಿ ಫೈಬ್ರಾಯ್ಡ್‌ಗೆ ‘ಗಂಟು’, ರಕ್ತದ್ದಕ್ಕೆ ‘ಹೆಪ್ಪು’ ಅಂತ ಬರೆದು ‘ಗಡ್ಡೆ’ಯನ್ನು ಪೂರ್ತಿ ಬಿಟ್ಟುಬಿಡೋಣ ಅನ್ನಿಸಿದೆ. ‘ನಾರುಗಡ್ಡೆ’ ಅಂತ ಓದಿದ್ದೇನೆ, ಆದರೆ ಬಾಯಲ್ಲಿ ಆಡುವವರನ್ನು ಕಂಡಿಲ್ಲ. ‘ಗಂತಿ’ ಅಂದರೆ ಏಡಿಗಂತಿ ನೆನಪಾಗಿ ಮತ್ತೆ ಕ್ಯಾನ್ಸರಿಗೇ ಬಂದು ನಿಲ್ಲುತ್ತೇವೆ. ‘ನೀರುಗುಳ್ಳೆ’ಯನ್ನು ದಯವಿಟ್ಟು ಇಲ್ಲಿಗೆ ತರಬೇಡಿ, ಅದು ಅಂಡಾಶಯದ ಕತೆ.

ಎರಡನೆಯದು ‘ನಿಲ್ಲು’. ನನಗೆ ಜಾಸ್ತಿ ತಲೆನೋವು ತಂದಿರುವುದು ಇದೇ. ‘ನಿಲ್ಲುವ ಮಾತ್ರೆ’ ಅಂತ ಕೇಳಿದರೆ ಯಾವುದು ಕೊಡಬೇಕು ಹೇಳಿ. ಟ್ರಾನೆಕ್ಸಾಮಿಕ್ ಆಮ್ಲ ಅಂತ ಒಂದಿದೆ, ಹಾರ್ಮೋನ್ ಅಲ್ಲ. ರಕ್ತ ಜಾಸ್ತಿ ಹೋಗುವ ನಾಲ್ಕೈದು ದಿನ ಮಾತ್ರ ನುಂಗುವುದು. ಅದು ಹರಿವನ್ನು ತಗ್ಗಿಸುತ್ತದೆ ಅಷ್ಟೇ, ಮುಟ್ಟಿನ ದಿನಾಂಕವನ್ನೂ ಮುಟ್ಟುವುದಿಲ್ಲ, ಗಂಟನ್ನೂ ಮುಟ್ಟುವುದಿಲ್ಲ. ನೋವಿಗೆ ಕೊಡುವ ಮೆಫೆನಾಮಿಕ್ ಆಮ್ಲವೂ, ಅಂದರೆ ಎಲ್ಲರ ಪರ್ಸಿನಲ್ಲಿ ಇರುವ ಆ ಮೆಫ್ಟಾಲ್, ಹರಿವನ್ನು ಒಂದಿಷ್ಟು ಇಳಿಸುತ್ತದೆ. ಎರಡೂ ಸೇರಿಸಿದ ಮಾತ್ರೆಯೂ ನಮ್ಮಲ್ಲಿ ಸಿಗುತ್ತದೆ. ನೊರೆಥಿಸ್ಟೆರಾನ್ ಪೂರ್ತಿ ಬೇರೆ. ಅದು ಹಾರ್ಮೋನು. ಮನೆಯಲ್ಲಿ ಪೂಜೆಯೋ ಮದುವೆಯೋ ಇದ್ದಾಗ ಹೆಂಗಸರು ‘ಡೇಟ್ ಮುಂದೆ ಹಾಕಲು’ ತೆಗೆದುಕೊಳ್ಳುವುದು ಇದನ್ನೇ. ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬಂದೇ ಬರುತ್ತದೆ. ಮೂರನೆಯದು ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ. ಅದು ಅಂಡಾಶಯದ ಕೆಲಸವನ್ನೇ ಸ್ವಲ್ಪ ಕಾಲ ಮಲಗಿಸುತ್ತದೆ. ಮುಟ್ಟು ನಿಲ್ಲುತ್ತದೆ, ಜೊತೆಗೆ ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಎಲ್ಲ ಬರುತ್ತದೆ.

ಈ ಮೂರಕ್ಕೂ ಜನ ಹೇಳುವುದು ‘ನಿಲ್ಲೋಕೆ ಕೊಟ್ಟಿದ್ದಾರೆ’ ಅಂತ. ಅದರ ಮೇಲೆ ‘ಮುಟ್ಟು ನಿಂತಿದೆ’ ಅಂದರೆ ಬಸುರಿಯೂ ಆಗಿರಬಹುದು, ‘ನಿಂತುಹೋಯ್ತು’ ಅಂದರೆ ಐವತ್ತು ದಾಟಿದವರ ಮಾತೂ ಆಗಬಹುದು. ನಾನು ಸದ್ಯಕ್ಕೆ ‘ಹರಿವು ತಗ್ಗಿಸುವ ಮಾತ್ರೆ’, ‘ಮುಟ್ಟು ಮುಂದೂಡುವ ಮಾತ್ರೆ’, ‘ಮುಟ್ಟನ್ನು ತಾತ್ಕಾಲಿಕವಾಗಿ ತಡೆಯುವ ಇಂಜೆಕ್ಷನ್’ ಅಂತ ಇಟ್ಟುಕೊಂಡಿದ್ದೇನೆ. ಎರಡನೆಯದರಲ್ಲಿ ಇನ್ನೊಂದು ಎಡವಟ್ಟು ಇದೆ: ಫೈಬ್ರಾಯ್ಡ್ ಇರುವವರಿಗೆ ಅದನ್ನು ಮುಂದೂಡಲು ಕೊಡುವುದಲ್ಲ, ಹರಿವು ಹಿಡಿತಕ್ಕೆ ಬರಲಿ ಅಂತ ಕೊಡುವುದು. ಒಂದೇ ಮಾತ್ರೆ, ಎರಡು ಉದ್ದೇಶ. ಇದಕ್ಕೆ ಒಳ್ಳೆಯ ಹೆಸರು ಹೊಳೆದರೆ ಹೇಳಿ, ಇಲ್ಲವಾದರೆ ಸುಮ್ನೆ ‘ಹಾರ್ಮೋನ್ ಮಾತ್ರೆ’ ಅಂತಲೇ ಬಿಡುತ್ತೇನೆ.

‘ರಕ್ತ’ವೂ ಹೀಗೇ ಕೈಕೊಡುತ್ತದೆ. ತಿಂಗಳು ತಿಂಗಳು ಜಾಸ್ತಿ ಹೋಗಿ ಹಿಮೋಗ್ಲೋಬಿನ್ ಇಳಿದವರಿಗೆ ಕಬ್ಬಿಣದ ಮಾತ್ರೆ ಕೊಡಲೇಬೇಕು, ಉಳಿದ ಯಾವ ಔಷಧಿ ಆಯ್ದುಕೊಂಡರೂ ಇದು ತಪ್ಪುವುದಿಲ್ಲ. ನಾವು ಅದನ್ನು ‘ರಕ್ತ ಜಾಸ್ತಿ ಮಾಡುವ ಮಾತ್ರೆ’ ಅನ್ನುತ್ತೇವೆ. ಮೊದಲೇ ರಕ್ತ ಜಾಸ್ತಿ ಹೋಗುತ್ತಿದೆ ಅಂತ ಒದ್ದಾಡುವವರ ಕೈಗೆ ಆ ಹೆಸರಿನ ಮಾತ್ರೆ ಕೊಟ್ಟರೆ ಅವರು ಏನೆಂದುಕೊಳ್ಳಬೇಕು? ‘ಮೈಗೆ ರಕ್ತ ಹಿಡಿಯುವ ಮಾತ್ರೆ’ ಅಂದರೆ ಸರಿಹೋದೀತಾ? ಹಾಗೆಯೇ ಟ್ರಾನೆಕ್ಸಾಮಿಕ್‌ಗೆ ಕೆಲವರು ‘ರಕ್ತ ಗಟ್ಟಿ ಮಾಡುವ ಮಾತ್ರೆ’ ಅನ್ನುತ್ತಾರೆ. ಅದು ಗಟ್ಟಿ ಮಾಡುವುದಿಲ್ಲ, ಆಗಲೇ ಕಟ್ಟಿದ ಹೆಪ್ಪು ಬೇಗ ಕರಗಿಹೋಗದಂತೆ ನೋಡಿಕೊಳ್ಳುತ್ತದೆ. ಹಾಗಂತ ಆ ಹೆಸರು ಹುಟ್ಟಿಸುವ ಭಯವೂ ಪೂರ್ತಿ ಸುಳ್ಳಲ್ಲ. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದ್ದವರಿಗೆ ಈ ಮಾತ್ರೆ ಕೊಡುವುದಿಲ್ಲ. ತಪ್ಪು ಹೆಸರು ಸರಿಯಾದ ಎಚ್ಚರಿಕೆ ಕೊಡುತ್ತಿದೆ, ಅದನ್ನು ಕಿತ್ತುಹಾಕಲು ನನಗೆ ಮನಸ್ಸಿಲ್ಲ.

ಇನ್ನು ‘ಕರಗು’. ‘ಆಪರೇಷನ್ ಇಲ್ಲದೆ ಗಡ್ಡೆ ಕರಗಿಸುತ್ತೇವೆ’ ಅನ್ನುವ ಜಾಹೀರಾತಿನವರಿಗೆ ಈ ಪದ ಬಹಳ ಇಷ್ಟ. ಕರಗಿದ್ದು ಮತ್ತೆ ಇರುವುದಿಲ್ಲ, ಅಲ್ವಾ? ಆದರೆ ಆ ಇಂಜೆಕ್ಷನ್‌ನಿಂದ ಗಂಟು ಕುಗ್ಗುತ್ತದೆ, ನಿಲ್ಲಿಸಿದ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಮೂಳೆ ಸವೆಯುವ ಭಯ ಇರುವುದರಿಂದ ವರ್ಷಗಟ್ಟಲೆ ಕೊಡುವಂತೆಯೂ ಇಲ್ಲ. ಸಾಮಾನ್ಯವಾಗಿ ಆಪರೇಷನ್ನಿಗೆ ಮುಂಚೆ ಗಂಟು ಸಣ್ಣದಾಗಲಿ, ಹಿಮೋಗ್ಲೋಬಿನ್ ಏರಲಿ ಅಂತ ಕೊಡುತ್ತಾರೆ. ಆದ್ದರಿಂದ ‘ಕುಗ್ಗು’ ಅನ್ನುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ, ಇದರಲ್ಲಿ ಚರ್ಚೆಗೆ ಬಂದರೆ ಜಗಳವಾಡಲು ತಯಾರಿದ್ದೇನೆ.

ಇದರ ಬಾಲಕ್ಕೇ ಇನ್ನೊಂದು ಕೇಳುವುದಿದೆ. ಅಮೆರಿಕದಲ್ಲಿ 2020ರಲ್ಲಿ ಎಲಗೋಲಿಕ್ಸ್, 2021ರಲ್ಲಿ ರೆಲುಗೋಲಿಕ್ಸ್ ಇರುವ ಮಾತ್ರೆಗಳಿಗೆ ಫೈಬ್ರಾಯ್ಡ್‌ನ ಜಾಸ್ತಿ ರಕ್ತಸ್ರಾವಕ್ಕೆಂದು ಒಪ್ಪಿಗೆ ಸಿಕ್ಕಿತು. ಹೆಚ್ಚೆಂದರೆ 24 ತಿಂಗಳು ಕೊಡಬಹುದು. ಇವು ದೇಹದ ಹಾರ್ಮೋನನ್ನು ತಗ್ಗಿಸುತ್ತವೆ, ಜೊತೆಗೆ ಮೂಳೆ ಉಳಿಯಲಿ ಅಂತ ಅದನ್ನೇ ಚೂರು ಚೂರು ವಾಪಸ್ ಕೊಡುತ್ತವೆ, ಎರಡೂ ಒಂದೇ ಔಷಧಿಯಲ್ಲಿ. ‘ಆಡ್ ಬ್ಯಾಕ್’ ಅನ್ನುವ ಈ ವಾಪಸಾತಿಗೆ ಕನ್ನಡದಲ್ಲಿ ಏನಾದರೂ ಬಳಕೆಯಲ್ಲಿದೆಯೇ? ‘ಮರುಪೂರಣ’ ಅಂದರೆ ಅಂತರ್ಜಲದ ಕಾರ್ಯಕ್ರಮ ನೆನಪಾಗುತ್ತದೆ.

ಒಂದು ಪದ ಮಾತ್ರ ಸಿದ್ಧವಾಗಿ ಸಿಕ್ಕಿತು: ‘ವಂಕಿ’. ಆಶಾ ಕಾರ್ಯಕರ್ತೆಯರು ಕಾಪರ್ ಟಿಗೆ ಹೇಳುವುದು ಅದನ್ನೇ. ಲೆವೊನೊರ್ಜೆಸ್ಟ್ರೆಲ್ ಹಾರ್ಮೋನು ಒಸರುವ, ಮಿರೇನಾ ಅಂತ ಹೆಸರಾದ ಸಾಧನವನ್ನು ‘ಹಾರ್ಮೋನ್ ವಂಕಿ’ ಅನ್ನಬಹುದು. ಆದರೆ ಬರೀ ‘ವಂಕಿ’ ಅಂತ ಬರೆದರೆ ಕೆಡುತ್ತದೆ, ಯಾಕೆಂದರೆ ತಾಮ್ರದ ವಂಕಿ ಮುಟ್ಟನ್ನು ಜಾಸ್ತಿ ಮಾಡಬಲ್ಲದು, ಹಾರ್ಮೋನಿನದು ಕಡಿಮೆ ಮಾಡುತ್ತದೆ. ಗಂಟು ಗರ್ಭಕೋಶದ ಒಳಗೋಡೆಯನ್ನೇ ತಳ್ಳಿ ಆಕಾರ ಕೆಡಿಸಿದ್ದರೆ ವಂಕಿ ಜಾರಿ ಬೀಳುವುದೂ ಉಂಟು. ‘ಗರ್ಭನಿರೋಧಕ’ ಅನ್ನುವ ಪದವನ್ನು ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ. ಹರಿವಿಗೆಂದು ಕೊಟ್ಟ ಮಾತ್ರೆಯ ಪೊಟ್ಟಣದ ಮೇಲೆ ಅದನ್ನು ಓದಿ ಮದುವೆಯಾಗದ ಹುಡುಗಿಯ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಹಾಗಂತ ಮುಚ್ಚಿಟ್ಟರೆ ಮಗು ಬೇಕು ಅನ್ನುವವರಿಗೆ ಮೋಸ. ಅವರು ಡಾಕ್ಟರಿಗೆ ಮೊದಲೇ ಹೇಳಬೇಕಾದ ಮಾತೇ ಅದು.

ಧಾರವಾಡ, ಕಲಬುರಗಿ ಕಡೆಯವರು ‘ಮಾತ್ರೆ’ ಇದ್ದಲ್ಲೆಲ್ಲ ‘ಗುಳಿಗೆ’ ಅಂತ ಓದಿಕೊಳ್ಳುತ್ತಾರೆ, ಅದರ ಚಿಂತೆ ಇಲ್ಲ. ನನಗೆ ಬೇಕಾಗಿರುವುದು ಜಾಸ್ತಿ ಮುಟ್ಟಿಗೆ, ಹೆಪ್ಪು ಬೀಳುವುದಕ್ಕೆ ನಿಮ್ಮ ನಿಮ್ಮ ಊರಿನ ಹೆಂಗಸರು ಆಡುವ ಮಾತು. ಕರಾವಳಿಯವರು, ಬಯಲುಸೀಮೆಯವರು ಮನೆಯಲ್ಲಿ ಅಮ್ಮನನ್ನೋ ಅತ್ತಿಗೆಯನ್ನೋ ಕೇಳಿ ಬರೆಯಿರಿ. ಗಂಡಸರು ಕೇಳಲು ನಾಚಿಕೊಂಡರೆ ಫೋನನ್ನು ಅವರ ಕೈಗೇ ಕೊಡಿ.